ತೊಟ್ಟಿಗೆ ಎರೆದ ಹಾಲು

ಮಾವು ತೊಳೆಯುವ ತೊಟ್ಟಿಗೆ ಸುಗುಣ ದಿನಾ ಬೆಳಿಗ್ಗೆ ಕ್ಲೋರಿನ್ ಬೆರೆಸುತ್ತಿದ್ದಳು. ಹಿಂದೆಯೇ ಅತ್ತೆ ಬಂದು, ಗಂಗಮ್ಮನಿಗೆಂದು ಒಂದು ಚೊಂಬು ಹಾಲು ಎರೆದು ಕೈಮುಗಿಯುತ್ತಿದ್ದರು. ಹಾಲು ಬಿದ್ದರೆ ಕ್ಲೋರಿನ್ನಿನ ಶಕ್ತಿ ಸತ್ತಂತೆ. ಆಮೇಲೆ ಒಂದು ಹಣ್ಣಿನ ಬೂಷ್ಟು ಅದೇ ನೀರಿನಿಂದ ಎಲ್ಲಕ್ಕೂ ಹತ್ತುತ್ತಿತ್ತು. ಹಣ್ಣು ಕೊಳೆತಿದೆಯೆಂದು ಮಂಡಿಯಿಂದ ಲಾರಿ ಮತ್ತೆ ವಾಪಸು ಬಂದಿತ್ತು.

"ಔಷಧಿ ಹಾಕಕ್ಕೂ ಬರಲ್ವಾ ನಿಂಗೆ?" ಎಂದ ಗಂಡ.

ಅವಳು ಕೊನೆಗೂ ಹಾಲಿನ ವಿಷಯ ಬಾಯಿಬಿಟ್ಟಳು. ಅವನ ದನಿ ತಗ್ಗಿತು. "ಅಮ್ಮಂಗೆ ನೀನೇ ಹೇಳು."

"ಸೊಸೆ ಬಂದು ಪೂಜೆ ನಿಲ್ಲಿಸಿದ್ಲು ಅಂತಾರೆ. ಮಗ ನೀವು, ನೀವು ಹೇಳಿ."

ಸಂಜೆ ಅವನು ಅಮ್ಮನ ಕೋಣೆಗೆ ಹೋಗಿ ಬಂದ.

"ಹೇಳಿದ್ರಾ?"

"ಹೇಳ್ದೆ. ಕಣ್ಣಲ್ಲಿ ನೀರು ಹಾಕ್ಕೊಂಡ್ಲು. ನಾಳೆಯಿಂದ ಎಲ್ಲ ಸರಿಹೋಗುತ್ತೆ ಬಿಡು ಅಂದ್ಲು."

ಬಹಳ ದಿನಗಳ ಮೇಲೆ ಸುಗುಣಳಿಗೆ ಕಣ್ತುಂಬ ನಿದ್ದೆ ಬಂತು.

ಬೆಳಿಗ್ಗೆ ಕ್ಲೋರಿನ್ ಬೆರೆಸಿ ತಲೆಯೆತ್ತಿದರೆ ಅತ್ತೆ ನಿಂತಿದ್ದರು. ಕೈಯಲ್ಲಿ ಚೊಂಬು ಇರಲಿಲ್ಲ.

"ಹಣ್ಣು ಕೊಳೀತಿದೆ ಅಂತ ನೀನಾದ್ರೂ ಮೊದಲೇ ಹೇಳಬಾರ್ದಿತ್ತೇನಮ್ಮ," ಎನ್ನುತ್ತ ಅವರು ಸೊಂಟದ ಮೇಲಿದ್ದ ಬಿಂದಿಗೆಯನ್ನು ತೊಟ್ಟಿಗೆ ಬಗ್ಗಿಸಿದರು. "ಗಂಗಮ್ಮಂಗೆ ಒಂದು ಚೊಂಬು ಹಾಲು ಎಲ್ಲಿಗೆ ಸಾಕಾಗುತ್ತೆ?"