ಮೈಲೂರಿನ ಮಾಲೀಕ

"ನೀವಲ್ರಿ, ಮಾಲಕ್ರನ್ನ ಕರೀರಿ" ಎಂದಳು ಕಾಂತಾಬಾಯಿ.

ಮೈಲೂರಿನ ಆ ಒಂದು ಕೋಣೆಯ ಆಫೀಸಿನಲ್ಲಿ ಮಾಲೀಕನ ಕುರ್ಚಿಯಲ್ಲೇ ಕೂತಿದ್ದ ಗೋರಖನಾಥನಿಗೆ ನಗು ಬಂತು. ಹಾಸಿಗೆ ಹಿಡಿದವರ ಮನೆಗಳಿಗೆ ಆರೈಕೆಗೆಂದು ಹೆಣ್ಣುಮಕ್ಕಳನ್ನು ಕಳಿಸುವ 'ಸುಜಾತಾ ಆರೈಕೆ ಕಂಪನಿ'ಯನ್ನು ಕಟ್ಟಿದವನೇ ಅವನು. ಪಕ್ಕದ ಮೇಜಿನಲ್ಲಿ ಆಫೀಸಿನ ಕೆಲಸ ನೋಡಿಕೊಳ್ಳುವ ಹೆಂಡತಿ ಮೀರಾಬಾಯಿಯನ್ನು ಬಿಟ್ಟರೆ ಅಲ್ಲಿ ಕರೆಯುವುದಕ್ಕೆ ಇನ್ನೊಬ್ಬರಿರಲಿಲ್ಲ.

"ನಾನೇ ಮಾಲಕ, ಅಕ್ಕಾ. ಕೂಡ್ರಿ, ನೀರ್ ಕುಡೀರಿ."

ಕಾಂತಾಬಾಯಿ ಕೂರಲಿಲ್ಲ, ನೀರನ್ನೂ ಮುಟ್ಟಲಿಲ್ಲ. ಚಿಂತಾಕಿಯಿಂದ ಹೊರಟು, ಔರಾದದಲ್ಲಿ ಬಸ್ಸು ಬದಲಿಸಿ, ಬಿಸಿಲಲ್ಲಿ ವಿಳಾಸ ಕೇಳುತ್ತ ಬಂದವಳು ಅವಳು. ಸೊಂಟದ ಸಂಚಿಯಿಂದ ಮಗಳ ಫೋನು ತೆಗೆದು ಅದರಲ್ಲಿದ್ದ ಚಿತ್ರವನ್ನೊಮ್ಮೆ, ಗೋರಖನಾಥನ ಮುಖವನ್ನೊಮ್ಮೆ ನೋಡಿದಳು. ಹುಡುಗಿ ನೋಡಲು ಬಂದ ಬೀಗರೂ ಅಷ್ಟು ಹೊತ್ತು ನೋಡುವುದಿಲ್ಲ.

"ಸುಳ್ಳ್ಯಾಕ ಹೇಳ್ತೀರಿ? ಮಾಲಕ್ರು ಇವ್ರು. ಕಂಪನಿ ಇದೇ, ಪತ್ತಾ ಇದೇ. ನಾಳಿ ಮುಂಜಾನಿ ನನ್ನ ಮಗಳನ್ನ ಪುಣೆಕ್ಕ ಕರಕೊಂಡು ಹೋಗ್ತಾರ. ಹೆಣ್ಣು ಕೊಡೂ ಮುಂದ ಮನಿ ನೋಡೂದಿಲ್ಲೇನ್ರಿ? ಹಂಗ ನೋಡ್ಲಿಕ್ಕ ಬಂದೀನಿ."

ಮೀರಾಬಾಯಿ ಎದ್ದು ಬಂದು ಫೋನು ಇಸಿದುಕೊಂಡಳು. ನೌಕರಿಯವರೂ ಕಂಪನಿಗಳೂ ತಮ್ಮ ಪರಿಚಯ ಹಾಕಿಕೊಳ್ಳುವ ಜಾಲತಾಣವದು. ಅದರಲ್ಲಿ ಸುಜಾತಾ ಕಂಪನಿಯ ಪುಟವಿತ್ತು. ಇದೇ ಬೋರ್ಡಿನ ಫೋಟೊ, ಮೈಲೂರಿನ ವಿಳಾಸ, ಪುಣೆ, ಹೈದರಾಬಾದಿನಲ್ಲಿ ಶಾಖೆಗಳು, ಕೆಳಗೆ ಹೊಗಳಿ ಬರೆದವರ ಸಾಲು. ಎಲ್ಲದರ ಮೇಲೆ ಕೋಟು ತೊಟ್ಟು ನಗುತ್ತಿದ್ದವನು ಕಾಶೀರಾಮ. ಹೋದ ವರ್ಷದವರೆಗೆ ಇವರ ಜೀಪು ಓಡಿಸುತ್ತಿದ್ದವನು. ಮನೆಯವರಿಗೆ ಹೇಳದೆ ಹುಡುಗಿಯರನ್ನು ದೂರದ ಊರಿಗೆ ಸಾಗಿಸಲು ನೋಡಿದ್ದಕ್ಕೆ ಗೋರಖನಾಥ ಅವನನ್ನು ಕೆಲಸದಿಂದ ಓಡಿಸಿದ್ದ.

"ಎಷ್ಟ್ ಸಲ ಹೇಳಿದೆ ನಿಮಗ, ನಮ್ಮದೂ ಒಂದು ಪೇಜ್ ಮಾಡೂಣು ಅಂತ" ಎಂದಳು ಮೀರಾಬಾಯಿ. ಅವಳು ಹೇಳಿದಾಗಲೆಲ್ಲ ಗೋರಖನಾಥನದು ಒಂದೇ ಉತ್ತರ: ಮಾರಿ ನೋಡದವರ ಜೋಡಿ ಎಂಥ ಪರಿಚಯ, ಅಲ್ಲಿ ಇರೋರೆಲ್ಲ ಕಳ್ಳರು. ಅವನ ಅನುಮಾನವೇನೂ ಸುಳ್ಳಾಗಿರಲಿಲ್ಲ. ಕಳ್ಳ ಅಲ್ಲೇ ಇದ್ದ, ಅದೂ ಅವನ ಕಂಪನಿಯ ಹೆಸರಿನಲ್ಲೇ ಇದ್ದ.

"ಅಕ್ಕಾ, ಕೈ ಮುಗೀತೇನಿ, ಮಗಳನ್ನ ಕಳಸಬ್ಯಾಡ್ರಿ. ಇಂವ ನಮ್ಮಲ್ಲಿ ಡ್ರೈವರ್ ಇದ್ದ. ನಾವು ಬೀದರ, ಭಾಲ್ಕಿ ಬಿಟ್ಟು ಹೊರಗ ಯಾರನ್ನೂ ಕಳಸೂದಿಲ್ಲ." ಗೋಡೆಗೆ ತೂಗುಹಾಕಿದ ನೋಂದಣಿ ಪತ್ರವನ್ನು ಗೋರಖನಾಥ ಕೈಮಾಡಿ ತೋರಿಸಿದ.

"ನೋಡಿದೆ ಬಿಡ್ರಿ. ಹೋದ ವರ್ಷ ಕಬ್ಬು ಕಡೀಲಿಕ್ಕ ನಮ್ಮನ್ನ ಕರಕೊಂಡು ಹೋದಾವನೂ ಹಿಂಗೇ ಒಂದು ಕೋಣಿ ಹಿಡಿದಿದ್ದ. ಬೋರ್ಡ್ ಇತ್ತು, ಗೋಡಿಗಿ ಶಿಕ್ಕಾ ಹೊಡೆದ ಕಾಗದ ಇತ್ತು. ನಾವು ವಾಪಸ್ ಬರೂದ್ರಾಗ ಬೋರ್ಡೂ ಇಲ್ಲ, ಅಂವನೂ ಇಲ್ಲ. ಇವ್ರದು ಹಂಗಲ್ಲ, ನೂರಾರು ಮಂದಿ ನೋಡ್ಯಾರ. ನಿಮ್ಮನ್ನ ಯಾರ್ ನೋಡ್ಯಾರ?"

ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಅವಳ ತಪ್ಪೇನು? ಎರಡು ವರ್ಷ ಮಳೆ ಕೈಕೊಟ್ಟು ಚಿಂತಾಕಿಯಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಬೀಗ ಬಿದ್ದಿತ್ತು, ಉಳಿದ ಮನೆಗಳ ಬಾಗಿಲಿಗೆ ದಿನಕ್ಕೊಬ್ಬ ಹೊಸ ಮಾಲೀಕ ಬಂದು ನಿಲ್ಲುತ್ತಿದ್ದ. ಗೋರಖನಾಥನಿಗೆ ಅವಳ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ತನ್ನ ಮೇಲೆ. ಪೊಲೀಸರನ್ನು ಕರೆಯುತ್ತೇನೆ ಎಂದ.

"ಕರೀರಿ. ಅವ್ರಿಗೂ ಇದೇ ಫೋಟೊ ತೋರಸ್ತೇನಿ."

"ಹಂಗಾದ್ರ ನಾನೇ ನಿಮ್ಮ ಜೋಡಿ ಊರಿಗಿ ಬರ್ತೇನಿ. ನಿಮ್ಮ ಮಗಳಿಗಿ ಹೇಳ್ತೇನಿ."

"ಬ್ಯಾಡ್ರಿ. ಗುರುತಿಲ್ಲದವ್ರು ಬಂದು ಹೆಣ್ಮಕ್ಕಳ ಹೆಸರು ತೆಗೆದ್ರ ನಮ್ಮೂರ ಮಂದಿ ಸುಮ್ನ ಬಿಡೂದಿಲ್ಲ." ಬಾಗಿಲ ಕಡೆ ಹೊರಟವಳು ಅಲ್ಲೇ ನಿಂತಳು. ಎಷ್ಟಾದರೂ ಹೆತ್ತ ಕರುಳು. "ಒಂದು ಕೆಲಸ ಮಾಡ್ರಿ. ನೀವು ಖರೇನ ಮಾಲಕ್ರಿದ್ರ ಇದ್ರಾಗ ನಿಮ್ಮ ಮಾರಿ ತೋರಸ್ರಿ. ಈಗೇ ತೋರಸ್ರಿ. ಅದನ್ನ ಮಗಳಿಗಿ ತೋರಸಿ, ಗಾಡಿ ಹತ್ತಬ್ಯಾಡ ಅಂತೇನಿ."

ಇಷ್ಟು ದಿನ ಆ ಜಾಲತಾಣದ ಹೆಸರೆತ್ತಿದರೆ ಉರಿದುಬೀಳುತ್ತಿದ್ದ ಗೋರಖನಾಥ ಲಗುಬಗೆಯಿಂದ ಕೂದಲು ಬಾಚಿಕೊಂಡು ಹೆಂಡತಿಯ ಫೋನಿನ ಎದುರು ಕೂತ. ಮೀರಾಬಾಯಿ ಫೋಟೊ ತೆಗೆದಳು. ಅವನ ಹೆಸರು ಹಾಕಿದಳು, ಕಂಪನಿಯ ಹೆಸರು ಹಾಕಿದಳು, ಮಾಲೀಕ ಎಂದು ಬರೆದಳು. ಬೆರಳೊತ್ತಿದಳು. ಮೂವರೂ ಫೋನಿನ ಮೇಲೆ ಬಾಗಿದರು. ಪರದೆಯ ಮೇಲೆ ಚಕ್ರವೊಂದು ಸ್ವಲ್ಪ ಹೊತ್ತು ತಿರುಗಿ ತಿರುಗಿ ನಿಂತಿತು. ಮೀರಾಬಾಯಿ ಮನಸ್ಸಿನಲ್ಲೇ ಓದಿಕೊಂಡು ಗಂಡನ ಮುಖ ನೋಡಿದಳು.

"ಏನ್ ಬಂತ್ರಿ?" ಎಂದಳು ಕಾಂತಾಬಾಯಿ.

ಸುಳ್ಳು ಹೇಳಬಹುದಿತ್ತು. ಮೀರಾಬಾಯಿಗೆ ಅದು ಹೊಳೆಯಲಿಲ್ಲ. "ಈ ಕಂಪನಿ ಮೊದಲೇ ಇಲ್ಲಿ ಅದ ಅಂತ್ರಿ. ಸೇರಬೇಕಂದ್ರ... ಮಾಲಕ್ರ ಅನುಮತಿ ಕೇಳ್ರಿ ಅಂತದ."

ಆ ಸಾಲಿನ ಪಕ್ಕದಲ್ಲಿ ಕಾಶೀರಾಮ ಕೋಟು ತೊಟ್ಟು ನಗುತ್ತಿದ್ದ.

ಕಾಂತಾಬಾಯಿ ಮಗಳ ಫೋನನ್ನು ಸಂಚಿಗೆ ಹಾಕಿಕೊಂಡು ಹೊರಗೆ ಕಾಲಿಟ್ಟಳು. ತಿರುಗಿ ನೋಡಿದಾಗ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕುರ್ಚಿಯಲ್ಲಿ ಕೂತವನ ಬಗ್ಗೆ ಒಂದಿಷ್ಟು ಕನಿಕರವೇ ಇತ್ತು.

"ಕೇಳಿ ನೋಡ್ರಿ ಅವ್ರಿಗಿ. ಅವ್ರು ಹೂಂ ಅಂದ್ರ ನನಗ ಹೇಳಿ ಕಳಸ್ರಿ. ಗಾಡಿ ಮುಂಜಾನಿ ಜಲ್ದಿ ಬರ್ತದ."