ಬುಟ್ಟಿಯ ತಳ

ಬುಟ್ಟಿಯ ತಳ ಮುಟ್ಟಿದ ಶಿವರತ್ನಳ ಬೆರಳಿಗೆ ಒದ್ದೆ ತಾಕಿತು. ಒಳ್ಳೆಯ ರೇಷ್ಮೆಗೂಡು ಕೈಗೆ ಗಟ್ಟಿಯಾಗಿ ಸಿಗಬೇಕು. ಇವು ಮೆತ್ತಗೆ, ಅಂಟಂಟಾಗಿದ್ದವು.

ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಯಲ್ಲಿ ಅವಳ ಸುತ್ತ ಇಡೀ ಒಂಬತ್ತನೇ ಕ್ಲಾಸು ನಿಂತಿತ್ತು. "ಮೇಲಿನದನ್ನಷ್ಟೇ ನೋಡಿ ಬುಟ್ಟಿಯೆಲ್ಲ ಹೀಗೇ ಅನ್ನಬಾರದು. ಮೇಲೆ, ನಡುವೆ, ತಳ, ಮೂರೂ ಕಡೆಯಿಂದ ತೆಗೆದರೇ ಅದು ಸ್ಯಾಂಪಲ್ಲು" ಎಂದು ಕಲಿಸಿದ್ದ ಲೆಕ್ಕದ ಮೇಷ್ಟ್ರು, ಅದನ್ನು ಮಾಡಿಸಿ ತೋರಿಸಲೆಂದೇ ಎಲ್ಲರನ್ನೂ ಕರೆತಂದಿದ್ದರು. ಗೂಡು ಕೊಳ್ಳಲು ಬಂದ ಸಾಹುಕಾರ ಬುಟ್ಟಿಗೆ ಕೈಹಾಕಲು ಹೊರಟಾಗ ತಡೆದವನು ಆ ಗೂಡನ್ನು ಮಾರಲು ತಂದಿದ್ದ ಅವಳ ಅಪ್ಪ ಪುಟ್ಟಮಾದಪ್ಪನೇ. "ನೀವ್ಯಾಕ್ ಕೈ ಆಕೀರಿ ಸಾವ್ಕಾರ್ರೆ? ನನ್ ಮಗ್ಳು ಇಸ್ಕೂಲ್ಲಿ ಇದ್ನೇ ಕಲ್ತವ್ಳೆ. ಅವ್ಳೇ ತಗೀಲಿ ಬುಡಿ." ಶಿವರತ್ನ ಹೆಮ್ಮೆಯಿಂದ ಮೊಣಕೈವರೆಗೂ ಕೈ ಇಳಿಸಿದ್ದಳು. ಒಳಗೆ ಹುಳ ಸತ್ತು ಕಪ್ಪಾದ ಗೂಡುಗಳನ್ನೆಲ್ಲ ನಿನ್ನೆ ಅವಳೇ ಕೂತು ಆರಿಸಿ ಬೇರೆ ಮೊರಕ್ಕೆ ಹಾಕಿದ್ದಳಲ್ಲ.

ಹಿಡಿದದ್ದನ್ನು ಅಲ್ಲೇ ಬಿಟ್ಟು ಮೇಲಿನ ನಾಲ್ಕು ಗೂಡು ತೆಗೆಯಬಹುದು ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಕಲಿತ ಕೈ ಕಲಿತಂತೆ ಮೇಲೆ ಬಂತು. ಸಾಹುಕಾರ ಬಗ್ಗಿ ನೋಡಿದ. ಅವಳ ಅಂಗೈಯಲ್ಲಿ ನಿನ್ನೆ ಮೊರಕ್ಕೆ ಹಾಕಿದ್ದ ಅದೇ ಕಪ್ಪು ಗೂಡುಗಳಿದ್ದವು.

ಅಪ್ಪ ತಲೆ ತಗ್ಗಿಸಿರುತ್ತಾನೆ ಎಂದುಕೊಂಡು ಅವಳು ತಿರುಗಿದಳು. ಅವನು ಕಣ್ಣು ತುಂಬಿಕೊಂಡು ಅವಳನ್ನೇ ನೋಡುತ್ತಿದ್ದ.

"ಮೇಲ್ಗಡೇದೇ ತಗೀತೀಯ ಅಂತ ನಿನ್ನ ನಂಬ್ಕಂಡಿದ್ನಲ್ಲವ್ವಾ."