ಮೈಕಿನ ಮುಂದೆ ಒಂದು ಅಂಗಳ

"ಯಾರದು, ಬಾಗಿಲ ಹೊರಗೆ?"

ನಟಿ ತನ್ನ ಮಾತು ಮುಗಿಸಿ ಮೈಕಿನಿಂದ ತುಸು ಹಿಂದೆ ಸರಿದಳು. ಈಗ ಹಿರಿಯ ನಟರ ಸರದಿ. ವರ್ಷಗಟ್ಟಲೆ ಊರೂರು ಅಲೆದು ಮನೆಗೆ ಮರಳಿದ ಗಂಡನ ಪಾತ್ರ ಅವರದು. ಮುಚ್ಚಿದ ಬಾಗಿಲ ಹೊರಗೆ ನಿಂತು ತಾನು ಯಾರೆಂದು ಹೇಳಬೇಕು. ಇಡೀ ರೇಡಿಯೋ ನಾಟಕ ನಿಂತಿದ್ದೇ ಆ ಒಂದು ಮಾತಿನ ಮೇಲೆ. ಮುದುಕರು ಬಾಯಿ ತೆರೆದರು. ಏನೂ ಬರಲಿಲ್ಲ. ಗೋಡೆಯ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ನಾಟಕ ನೇರವಾಗಿ ಪ್ರಸಾರವಾಗುತ್ತಿತ್ತು.

ಮೂಲೆಯಲ್ಲಿ ಜಲ್ಲಿ ಹರವಿದ ಅಗಲವಾದ ಟ್ರೇಯೊಳಗೆ ಅವರ ಮಗಳು ನಿಂತಿದ್ದಳು. ನಾಟಕಗಳಿಗೆ ಸದ್ದು ಒದಗಿಸುವುದು ಅವಳ ಕೆಲಸ. ಕಾಲಿಗೆ ಅಪ್ಪನ ಹಳೆಯ ಬೂಟು. ಸಡಿಲವೆಂದು ತುದಿಗೆ ಕಾಗದ ತುರುಕಿದ್ದಳು. ಇದು ನಟನೆಯ ಮೌನವಲ್ಲ ಎಂದು ಅಪ್ಪನ ಮುಖ ನೋಡಿದೊಡನೆ ಅವಳಿಗೆ ತಿಳಿದುಹೋಯಿತು. ಕಣ್ಣು ಮಂಜಾದ ಮೇಲೆ ಅವರು ಕೈಯಲ್ಲಿ ಹಾಳೆ ಹಿಡಿಯುವುದನ್ನೇ ಬಿಟ್ಟಿದ್ದರು. ಅವಳು ಓದಿ ಹೇಳುತ್ತಿದ್ದಳು, ಅವರು ಬಾಯಿಪಾಠ ಮಾಡುತ್ತಿದ್ದರು. ಬೆಳಿಗ್ಗೆ ಮುಖ ಒರೆಸಿಕೊಳ್ಳುತ್ತ ಇಡೀ ಪಾತ್ರವನ್ನು ಗಳಗಳನೆ ಒಪ್ಪಿಸಿದ್ದರು. "ಈಚೆಗೆ ಅವರಿಗೆ ಮರೆವು ಜಾಸ್ತಿ, ಮೊದಲೇ ರೆಕಾರ್ಡ್ ಮಾಡಿಟ್ಕೊಳ್ಳೋಣ" ಎಂದ ನಿರ್ದೇಶಕನಿಗೆ, "ನಾನಿದ್ದೀನಲ್ಲ ಸಾರ್, ಅಪ್ಪ ಮಾಡ್ತಾರೆ" ಎಂದು ಹಟ ಹಿಡಿದವಳೂ ಅವಳೇ. ಈಗ ಪಿಸುಗುಟ್ಟಿ ನೆನಪಿಸೋಣವೆಂದರೆ ಮೈಕು ಅದನ್ನೂ ಊರಿಗೆಲ್ಲ ಕೇಳಿಸಿಬಿಡುತ್ತದೆ.

ಗಾಜಿನಾಚೆ ನಿರ್ದೇಶಕ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ. ಆ ಕೈ ಮೆಲ್ಲಗೆ ಇಳಿದು ಗುಂಡಿಯ ಕಡೆ ಹೋಯಿತು. ಅದನ್ನು ಒತ್ತಿದರೆ ನಾಟಕ ನಿಂತು ಹಾಡು ಶುರುವಾಗುತ್ತದೆ.

ಮಗಳು ಒಂದು ಹೆಜ್ಜೆ ಹಿಂದಿಟ್ಟಳು. ಜಲ್ಲಿ ಕರಕರ ಎಂದಿತು.

ಅಷ್ಟೇ ಸಾಕಾಯಿತು. ಕಥೆಯೊಳಗಿನ ಗಂಡ ಉತ್ತರ ಕೊಡಲಾರದೆ ಬಾಗಿಲಿನಿಂದ ಹಿಂದೆ ಸರಿದಿದ್ದ. ಅವಳು ಇನ್ನೊಂದು ಹೆಜ್ಜೆ ಇಟ್ಟಳು, ಮತ್ತೊಂದು. ಎಡಗಾಲನ್ನು ತುಸು ಎಳೆದು, ಬಲಗಾಲನ್ನು ನೆಲದ ಅಪ್ಪಣೆ ಕೇಳಿಕೊಂಡಂತೆ ಇಡುವ ಅಪ್ಪನ ನಡಿಗೆ ಅವಳಿಗೆ ನಿದ್ದೆಗಣ್ಣಿನಲ್ಲೂ ಬರುತ್ತಿತ್ತು. ನಿರ್ದೇಶಕನ ಬೆರಳು ಗಾಳಿಯಲ್ಲೇ ನಿಂತಿತು. ಮೆತ್ತೆ ಹೊದಿಸಿದ ಗೋಡೆಗಳು ಸದ್ದಿಲ್ಲದೆ ದೂರ ದೂರ ಸರಿದು, ನಡುವೆ ಒಂದು ಅಂಗಳ ಬಿಚ್ಚಿಕೊಂಡಿತು. ಅವಳು ಬೋಗುಣಿಯ ನೀರಿಗೆ ಕೈ ಅದ್ದಿದಳು. ಗಂಡ ಅಂಗಳದ ನಲ್ಲಿಯಲ್ಲಿ ಮುಖ ತೊಳೆದುಕೊಂಡ. ಹಳೆಯ ಕುರ್ಚಿಯ ಮೇಲೆ ಮೈಭಾರ ಬಿಟ್ಟಳು. ಗಂಡ ಮರದ ಕೆಳಗಿನ ಬೆಂಚಿನ ಮೇಲೆ ಕೂತ. ಕೊಡೆಯನ್ನು ಅರ್ಧ ಬಿಚ್ಚಿ ಪಟಪಟ ಒದರಿದಳು. ಒಂದು ಹಕ್ಕಿ ಕೊಂಬೆಯಿಂದ ಎದ್ದುಹೋಯಿತು. ಅದು ಎಲ್ಲಿಗೆ ಹೋಯಿತೋ ಎಂದು ನಟಿ ಕೂಡ ತಲೆಯೆತ್ತಿ ಚಾವಣಿ ನೋಡಿದಳು.

ಮುದುಕರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೈ ಅಂಗಿಯ ಅಂಚನ್ನು ಹಿಂಡುತ್ತಿತ್ತು. ಮಗಳು ಎಷ್ಟು ಹೊತ್ತೆಂದು ಆ ಗಂಡನನ್ನು ಅಂಗಳದಲ್ಲೇ ಓಡಾಡಿಸಿಯಾಳು? ಬಾಗಿಲಿಗೆ ಕರೆತರಲೇಬೇಕು. ಎದ್ದಳು. ಒಂದೊಂದು ಹೆಜ್ಜೆಯನ್ನೂ ಹಿಂದಿನದಕ್ಕಿಂತ ನಿಧಾನವಾಗಿ ಇಡುತ್ತ ಬಂದು, ಮರದ ಹಲಗೆಯ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದಳು. ತಟ್ಟಿ, ಉಸಿರು ಹಿಡಿದು ಅಪ್ಪನ ಕಡೆ ನೋಡಿದಳು.

ನಟಿಯೂ ಗಟ್ಟಿಗಿತ್ತಿ. ಬಾಯನ್ನು ಮೈಕಿನ ತೀರ ಹತ್ತಿರ ತಂದು, ಈ ಸಲ ಗದರದೆ ಮೆಲ್ಲಗೆ ಕೇಳಿದಳು. "ಆಗಿಂದ ಅಂಗಳದಲ್ಲೇ ಸುತ್ತಾಡ್ತಾ ಇದ್ದೀರಲ್ಲ... ಯಾರು ನೀವು?"

ಮುದುಕರ ತುಟಿ ಅಲುಗಿತು.

"ಹೆಸರು ಕೇಳಬೇಡ ಕಣೇ. ಹೆಸರು ದಾರೀಲಿ ಎಲ್ಲೋ ಬಿದ್ದುಹೋಯ್ತು. ಕಾಲಿನ ಸಪ್ಪಳ ಕೇಳಿಸ್ತಲ್ಲ, ಅಷ್ಟು ಸಾಲದಾ?"

ಅದು ಬರೆದುಕೊಟ್ಟ ಮಾತಾಗಿರಲಿಲ್ಲ. ಮಗಳು ತಡಮಾಡದೆ ಚಿಲಕ ಸರಿಸಿದಳು. ಬಾಗಿಲು ತೆರೆದಾಗ ಹೆಂಡತಿ ಬಿಕ್ಕಿ ಅಳಬೇಕೆಂದಿತ್ತು. ನಟಿ ಅಳಲು ಹೋಗಿ ನಕ್ಕುಬಿಟ್ಟಳು. ಆ ನಗುವಿನ ಮೇಲೆಯೇ ನಾಟಕ ಮುಗಿಯಿತು. ಕೆಂಪು ದೀಪ ಆರಿತು. ಎಲ್ಲರೂ ಎಷ್ಟೋ ಹೊತ್ತಿನಿಂದ ಕಟ್ಟಿಟ್ಟಿದ್ದ ಉಸಿರು ಒಟ್ಟಿಗೇ ಹೊರಬಿತ್ತು.

ನಿರ್ದೇಶಕ ಓಡಿಬಂದು ಕೆಳಗೇ ಕುಸಿದು ಕೂತ. "ಜೀವ ಬಾಯಿಗೆ ಬಂದಿತ್ತಲ್ರೀ! ಏನು ಆಟ ಆಡಿಸಿದ್ರಿ ಅಪ್ಪ ಮಗಳು ಸೇರ್ಕೊಂಡು!"

"ಯಾಕೆ, ಏನಾಯ್ತು?" ಮುದುಕರು ಬೆರಗಾಗಿ ಮಗಳತ್ತ ತಿರುಗಿದರು. "ಸರಿಯಾಗೇ ಹೇಳಿದ್ನಲ್ಲಮ್ಮ?"

"ಒಂದಕ್ಷರ ಆಚೀಚೆ ಆಗ್ಲಿಲ್ಲ ಅಪ್ಪ," ಎಂದಳು ಮಗಳು. ಮುದುಕರು ಸಮಾಧಾನದಿಂದ ತಲೆಯಾಡಿಸಿ, ಗಾಳಿಗೆಂದು ಹೊರಗೆ ನಡೆದರು.

ಅವಳು ಹೊರಗಿನ ಕೋಣೆಗೆ ಬಂದು ಬೂಟು ಬಿಚ್ಚುತ್ತಿದ್ದಾಗ ರೇಡಿಯೋ ನಿಲಯದ ಫೋನು ಬಡಿದುಕೊಂಡಿತು. ಅತ್ತ ಕಡೆ ವಾಹನಗಳ ಗದ್ದಲದ ನಡುವೆ ಯಾರೋ ಗಂಡಸು. "ಅಮ್ಮ, ನಾನು ಲಾರಿ ಓಡಿಸೋನು. ನಿಮ್ಮ ನಾಟಕ ಕೇಳ್ತಾ ಇದ್ದೆ. ಬಾಗಿಲು ತಟ್ಟಿದ್ದು ಕೇಳಿಸ್ತು, ಅಷ್ಟರಲ್ಲಿ ಗಾಡಿ ಸುರಂಗದೊಳಗೆ ಹೋಗಿ ರೇಡಿಯೋ ನಿಂತೋಯ್ತು. ಅವಾಗಿಂದ ಮನಸ್ಸಿಗೆ ನೆಮ್ಮದಿ ಇಲ್ಲ ನೋಡಿ. ಆ ಮನುಷ್ಯ ಮನೆ ಸೇರಿದ್ನಾ?"

ಮಗಳು ಕಿಟಕಿಯಿಂದ ಹೊರಗೆ ನೋಡಿದಳು. ಮಧ್ಯಾಹ್ನದ ಬಿಸಿಲಿನಲ್ಲಿ, ಗೇಟಿನ ಬಳಿ, ಅಪ್ಪ ರಸ್ತೆಯ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತ ನಿಂತಿದ್ದರು.

"ಇನ್ನೂ ಇಲ್ಲ ಅಣ್ಣ," ಎಂದಳು. "ಈಗ ಹೊರಟಿದ್ದೀವಿ."